ಪರದೇಶದ ಪಂಕ್ತಿಯಲ್ಲಿ

ಕಳೆದ ಬೇಸಿಗೆಯ ರಜೆಯಲ್ಲಿ ನಾಲ್ಕು ವಾರಗಳ ಕಾಲ ಇಟಲಿ ದೇಶದ ಒಂದು ಹಳ್ಳಿಯಲ್ಲಿ ಸ್ವಯಂಸೇವಕನಾಗಿದ್ದು ಮಹಾಗಾಂವಕ್ಕೆ ಮರಳಿದಂದಿನಿಂದ ನನಗೆ ಎದುರಾದ ಪ್ರಶ್ನೆಗಳು ಮೂರು. "ಏನು ಉಂಡಿರಿ?" ಎಂದು ಮನೆಯವರು ಕೇಳಿದರು. "ಯಾವ ಭಾಷೆಯಲ್ಲಿ ಮಾತಾಡಿದಿರಿ?" ಎಂದು ಸಹಶಿಕ್ಷಕರು ಕೇಳಿದರು. "ಏನೇನು ನೋಡಿದಿರಿ?" ಎಂದು ವಿದ್ಯಾರ್ಥಿಗಳು ಕೇಳಿದರು. ಪ್ರವಾಸ ಮಾಡಿ ಬಂದವರು ಸಾಮಾನ್ಯವಾಗಿ ಮೂರನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುವುದುಂಟು. ಕಂಡ ಗೋಪುರಗಳನ್ನೂ ಚಿತ್ರಗಳನ್ನೂ ವರ್ಣಿಸುವುದು ಸುಲಭ. ನಾನು ಮನೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಉಂಡ ಮನೆಯ ಮಾತು ಮೊದಲು, ಕಂಡ ಊರಿನ ಮಾತು ಆಮೇಲೆ ಎಂಬುದು ನಮ್ಮ ಹಿರಿಯರ ಪದ್ಧತಿ.

ಮೊದಲು ಹೋದ ಕಾರಣವನ್ನು ಎರಡು ಮಾತಿನಲ್ಲಿ ಹೇಳಿಬಿಡುವೆನು. ಫ್ಲಾರೆನ್ಸ್ ನಗರದ ಉತ್ತರಕ್ಕೆ ಸಿಯೆವೆ ಎಂಬ ನದಿಯ ಕಣಿವೆಯಿದೆ; ಆ ಸೀಮೆಗೆ ಮುಜೆಲ್ಲೊ ಎಂದು ಹೆಸರು. ಅಲ್ಲಿಯ ಒಂದು ಹಳ್ಳಿಯ ವಾಚನಾಲಯದಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂಡಿಸಿ ಓದಿಸುತ್ತಾರೆ. ಹೊರದೇಶದವರೊಬ್ಬರು ಬಂದು ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತಾಡಬೇಕು, ತಮ್ಮ ನಾಡಿನ ವಿಷಯ ಹೇಳಬೇಕು. ಊಟ ವಸತಿಗಳನ್ನು ಊರಿನ ಒಂದು ಮನೆಯವರು ನೋಡಿಕೊಳ್ಳುತ್ತಾರೆ. ಸಂಬಳವಿಲ್ಲ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ತಮ್ಮ ಈ ಸಂಗತಿಯನ್ನು ತಿಳಿಸಿ, ವಿಮಾನದ ಖರ್ಚನ್ನೂ ತಾನೇ ವಹಿಸಿಕೊಂಡನು. ಕನ್ನಡ ಶಾಲೆಯಲ್ಲಿಯೇ ಓದಿ, ಶಿಕ್ಷಕರ ತರಬೇತಿಯ ಪ್ರಮಾಣಪತ್ರ ಪಡೆದು, ಕನ್ನಡ ಶಾಲೆಯಲ್ಲಿಯೇ ಕಲಿಸುತ್ತಿರುವ ನನ್ನ ಇಂಗ್ಲಿಷ್ ಎಷ್ಟು ಎಂಬುದು ನನಗೆ ಗೊತ್ತಿತ್ತು. ಆದರೂ ಮಕ್ಕಳೊಡನೆ ಮಾತಾಡುವುದು ತಾನೇ ನನ್ನ ವೃತ್ತಿ ಎಂಬ ಧೈರ್ಯದಿಂದ ಹೊರಟೆನು.

ಹೊರಡುವ ಮೊದಲು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯ ತಂದೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಆಡಿದ ಮಾತು ನನ್ನ ಜೊತೆಗೇ ವಿಮಾನವನ್ನೇರಿತು. "ಗುರುಗಳ, ಕನ್ನಡ ಕಲತು ನಮ್ಮ ಹುಡುಗ ಎಲ್ಲಿಗೆ ಹೋಗಬೇಕ್ರಿ? ಕೊಲ್ಲಾಪುರಕ ಹೋದರ ಮರಾಠಿ, ಪುಣೆಕ ಹೋದರ ಇಂಗ್ಲಿಷ. ನೀವರ ಈಗ ಹೊಂಟೀರಿ, ಯಾವ ಭಾಷೆ ಹೊತಗೊಂಡು ಹೊಂಟೀರಿ?" ಎಂದು ಅವರು ಕೇಳಿದರು. ಅವರು ಕುಹಕದವರಲ್ಲ; ಮಗನ ಮುಂದಿನ ಬಾಳನ್ನು ನೆನೆದು ಕೇಳಿದರು. ಗಡಿಯ ಕನ್ನಡ ಶಾಲೆಯ ಪ್ರತಿಯೊಬ್ಬ ಶಿಕ್ಷಕನೂ ಪ್ರತಿ ಜೂನ್ ತಿಂಗಳಿನಲ್ಲಿ ಎದುರಿಸುವ ಪ್ರಶ್ನೆಯಿದು.

ಇನ್ನು ಊಟದ ಮಾತು. ನಾನಿಳಿದ ಮನೆಯಲ್ಲಿ ವೃದ್ಧ ದಂಪತಿಗಳಿದ್ದರು. ಆಕೆ ನಿವೃತ್ತ ಪ್ರಾಥಮಿಕ ಶಿಕ್ಷಕಿ. ಊರಿನವರೆಲ್ಲ ಆಕೆಯನ್ನು 'ಮಾಯೆಸ್ತ್ರಾ' ಎಂದೇ ಕರೆಯುತ್ತಿದ್ದರು. ಶಿಕ್ಷಕನಾದರೆ 'ಮಾಯೆಸ್ತ್ರೊ'. ಮೊದಲ ದಿನವೇ ಮಕ್ಕಳು ನನ್ನನ್ನು ಹಾಗೆ ಕೂಗಿದಾಗ ನಮ್ಮೂರಿನ 'ಮಾಸ್ತರ' ಎಂಬ ಕೂಗೇ ಕಿವಿಗೆ ಬಿದ್ದಂತಾಯಿತು. ಎರಡೂ ಲ್ಯಾಟಿನ್ ಭಾಷೆಯ 'ಮಾಗಿಸ್ತೆರ್' ಎಂಬ ಒಂದೇ ಬೇರಿನಿಂದ ಚಿಗುರಿದ ಶಬ್ದಗಳು. ಏಳು ಸಮುದ್ರದಾಚೆ ಬಂದರೂ ಮಾಸ್ತರಿಕೆ ತಪ್ಪಲಿಲ್ಲವೆಂದು ಮನಸ್ಸಿನಲ್ಲಿಯೇ ನಕ್ಕೆನು.

ನಾನು ಮಾಂಸಾಹಾರಿಯಲ್ಲ. ಇದನ್ನು ಮೊದಲೇ ತಿಳಿಸಿದ್ದರೂ ಆ ತಾಯಿಗೆ ಚಿಂತೆ ಹತ್ತಿತ್ತೆಂದು ತೋರುತ್ತದೆ. ಮೊದಲ ರಾತ್ರಿಯ ಊಟಕ್ಕೆ ಒಂದು ದೊಡ್ಡ ರೊಟ್ಟಿಯನ್ನು ಮೇಜಿನ ನಡುವೆ ಇಟ್ಟು ಹೋಳು ಮಾಡಿಕೊಟ್ಟು, ನನ್ನ ಮುಖವನ್ನೇ ನೋಡುತ್ತ ಕುಳಿತರು. ಆ ರೊಟ್ಟಿಗೆ ಉಪ್ಪಿಲ್ಲ. ತೊಸ್ಕಾನಾ ಪ್ರಾಂತದ ರೊಟ್ಟಿಗೆ ಉಪ್ಪು ಹಾಕುವುದಿಲ್ಲವೆಂಬುದು ಇಟಲಿಯಲ್ಲೆಲ್ಲ ಪ್ರಸಿದ್ಧ; ಬೇರೆ ಪ್ರಾಂತದವರೇ ಇದನ್ನು ತಿಂದು ಮುಖ ಸಿಂಡರಿಸುತ್ತಾರಂತೆ. ನಾನು ಮಾತ್ರ ನಿಶ್ಚಿಂತೆಯಿಂದ ತಿಂದೆನು. ನಮ್ಮ ಜೋಳದ ರೊಟ್ಟಿಗಾದರೂ ಯಾರು ಉಪ್ಪು ಹಾಕುತ್ತಾರೆ? ಉಪ್ಪು ಖಾರಗಳ ಹೊಣೆ ಪಲ್ಯೆ ಚಟ್ನಿಗಳದು. ರೊಟ್ಟಿ ತಾನು ಸಪ್ಪಗಿದ್ದು ಉಳಿದುದಕ್ಕೆಲ್ಲ ರುಚಿ ಕೊಡುತ್ತದೆ. ಇದನ್ನು ನನ್ನ ಹರುಕು ಇಂಗ್ಲಿಷಿನಲ್ಲಿ ವಿವರಿಸಿದಾಗ ಮುದುಕರು ಮೇಜನ್ನು ಕುಟ್ಟಿ ಹರ್ಷಪಟ್ಟರು. ತಮ್ಮ ರೊಟ್ಟಿಯ ಪಕ್ಷ ವಹಿಸುವವನು ಹಿಂದುಸ್ತಾನದಿಂದ ಬಂದನೆಂದು ಮರುದಿನ ಊರಲ್ಲೆಲ್ಲ ಹೇಳಿಕೊಂಡು ಬಂದರು.

ಫ್ಲಾರೆನ್ಸಿನ ಮಹಾಕವಿ ದಾಂತೆ ೧೩೦೨ರಲ್ಲಿ ತನ್ನ ಊರಿನಿಂದ ಬಹಿಷ್ಕೃತನಾಗಿ ಸಾಯುವವರೆಗೂ ಪರರ ಊರುಗಳಲ್ಲಿ ಅಲೆದನು. ಪರರ ರೊಟ್ಟಿಯ ಉಪ್ಪಿನ ಮಾತು ಅವನ ಮಹಾಕಾವ್ಯದಲ್ಲಿ ಬರುತ್ತದೆಂದು ಮಾಯೆಸ್ತ್ರಾ ನನಗೆ ಹೇಳಿದರು. ಸಪ್ಪೆ ರೊಟ್ಟಿ ಉಂಡು ಬೆಳೆದವನಿಗೆ ಪರಸ್ಥಳದ ಉಪ್ಪು ನಾಲಿಗೆಗೂ ತಟ್ಟಿರಬೇಕು, ಮನಸ್ಸಿಗೂ ತಟ್ಟಿರಬೇಕು. ಪಂಡಿತರ ಭಾಷೆಯಾದ ಲ್ಯಾಟಿನನ್ನು ಬಿಟ್ಟು ಜನರ ಆಡುಮಾತಿನಲ್ಲಿ ಆ ಕಾವ್ಯವನ್ನು ರಚಿಸಿದವನೂ ಅವನೇ. ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ವಚನಕಾರರು ಸಂಸ್ಕೃತದ ಮೊರೆ ಹೋಗದೆ ತಿಳಿಗನ್ನಡದಲ್ಲಿ ಪರಮಾರ್ಥವನ್ನು ನುಡಿದರೆಂದು ನಾನು ಹೇಳಿದೆನು. "ಹಾಗಾದರೆ ನೀವು ನಮಗಿಂತ ಹಿರಿಯರು" ಎಂದರು ಆ ತಾಯಿ. ನಮ್ಮ ಸಾಹಿತ್ಯದ ಹಿರಿತನವನ್ನು ಪಠ್ಯಪುಸ್ತಕದಲ್ಲಿ ಹಲವು ಬಾರಿ ಕಲಿಸಿದ್ದೇನೆ. ಪರರ ಮನೆಯ ಊಟದ ಮೇಜಿನ ಮೇಲೆ ಅದು ನನಗೆ ಹೊಸದಾಗಿ ಕೇಳಿಸಿತು.

ದಿನ ಕಳೆದಂತೆ ಮನೆಯೂಟವೆಲ್ಲ ಪರಿಚಯವಾಗತೊಡಗಿತು. ಮಾಯೆಸ್ತ್ರಾ ಅವರ ತವರು ಸಮುದ್ರತೀರದ ಪೀಸಾ ಕಡೆಯದು. ಆ ಕಡೆ ಕಡಲೆಹಿಟ್ಟನ್ನು ನೀರಿನಲ್ಲಿ ಕದಡಿ, ಆಲಿವ್ ಎಣ್ಣೆ ಉಪ್ಪು ಬೆರೆಸಿ, ಅಗಲವಾದ ತಾಟಿನಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸಿ ಹೋಳು ಮಾಡುತ್ತಾರೆ. 'ಚೆಚೀನಾ' ಎಂದು ಹೆಸರು. ತುತ್ತು ಬಾಯಿಗಿಟ್ಟೊಡನೆ ನಮ್ಮ ಝುಣಕದ ವಡಿಯ ನೆನಪಾಯಿತು; ಸಾಸಿವೆ, ಬೆಳ್ಳುಳ್ಳಿ, ಖಾರಗಳಷ್ಟೇ ಇಲ್ಲ. ಮುಜೆಲ್ಲೊ ಸೀಮೆಯ ಹೆಮ್ಮೆಯ ಅಡಿಗೆಯೆಂದರೆ 'ತೊರ್ತೆಲ್ಲಿ'. ಗೋದಿಹಿಟ್ಟಿನ ತೆಳುವಾದ ಹಾಳೆಗಳ ನಡುವೆ ಬೇಯಿಸಿ ನುರಿದ ಬಟಾಟೆಯ ಹೂರಣವಿಟ್ಟು, ಅಂಚು ಒತ್ತಿ, ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ನಮ್ಮ ಕಡುಬಿನ ದಾಯಾದಿಯೆಂದರೆ ಸಲ್ಲುತ್ತದೆ. ಅಲ್ಲಿಯ ಜನ ಅದರ ಮೇಲೆ ಮಾಂಸದ ಸಾರನ್ನು ಹಾಕಿಕೊಳ್ಳುತ್ತಾರೆ. ನನಗೆ ಬೆಣ್ಣೆಯನ್ನೂ ಒಂದು ಸುವಾಸನೆಯ ಎಲೆಯನ್ನೂ ಹಾಕಿ ಕೊಟ್ಟರು.

ನಮ್ಮ ಎಲೆಯಲ್ಲಿ ಉಪ್ಪಿನಿಂದ ಪಾಯಸದವರೆಗೆ ಎಲ್ಲವೂ ಒಟ್ಟಿಗೆ ಕುಳಿತಿರುತ್ತವೆ. ಅವರಲ್ಲಿ ಒಂದು ಮುಗಿದ ಮೇಲೆ ಇನ್ನೊಂದು ಬರುತ್ತದೆ: ಮೊದಲು ಹಿಟ್ಟಿನ ಪದಾರ್ಥ, ಆಮೇಲೆ ಪಲ್ಯೆ ಮಾಂಸಗಳು, ಕಡೆಗೆ ಹಣ್ಣು. ನಡುನಡುವೆ ಬಿಡುವು. ಆ ಬಿಡುವಿನ ತುಂಬ ಮಾತು. ಉಣ್ಣುವಾಗ ಮಾತಾಡಬಾರದೆಂದು ನಮ್ಮಲ್ಲಿ ಮಕ್ಕಳಿಗೆ ಹೇಳುವುದುಂಟು. ಅಲ್ಲಿ ಮಾತಾಡದೆ ಉಂಡವನಿಗೆ ಮೈ ಸ್ವಸ್ಥವಿಲ್ಲವೇ ಎಂದು ಕೇಳುತ್ತಾರೆ. ಆ ಮಾತಾದರೂ ಬಹುಪಾಲು ಊಟದ ಬಗೆಗೇ. ಈ ಹೊತ್ತಿನ ತೊರ್ತೆಲ್ಲಿಯನ್ನು ಉಣ್ಣುತ್ತ, ಮುದುಕರ ತಾಯಿ ಅರವತ್ತು ವರ್ಷದ ಹಿಂದೆ ಮಾಡುತ್ತಿದ್ದ ತೊರ್ತೆಲ್ಲಿಯನ್ನು ಚರ್ಚಿಸುತ್ತಾರೆ.

ನಾನು ಮನೆಯಿಂದ ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಚಟ್ನಿ ಕಟ್ಟಿಕೊಂಡು ಹೋಗಿದ್ದೆನು. ಒಂದು ಸಂಜೆ ಅವನ್ನು ಮೇಜಿನ ಮೇಲಿಟ್ಟೆನು. ಮಾಯೆಸ್ತ್ರಾ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ತಟ್ಟಿ ಸಪ್ಪಳ ಕೇಳಿ, ಸಾರ್ಡಿನಿಯಾ ದ್ವೀಪದ ಕುರುಬರ ರೊಟ್ಟಿ ಹೀಗೆಯೇ ಇರುತ್ತದೆಂದರು. 'ಕರಸಾವು' ಎಂಬ ಆ ರೊಟ್ಟಿಯನ್ನು ತೆಳುವಾಗಿ, ಗರಿಗರಿಯಾಗಿ ಸುಟ್ಟು, ಕುರಿ ಕಾಯಲು ಹೋಗುವವರು ಬಹುದಿನ ಬಾಳಲೆಂದು ಒಯ್ಯುತ್ತಿದ್ದರಂತೆ. ಕುರಿ ಹಿಂಡಿನೊಡನೆ ಹೊರಟ ಮನುಷ್ಯನಿಗೆ ಯಾವ ನಾಡಾದರೇನು, ಒಣಗಿದ ರೊಟ್ಟಿಯೇ ಬುತ್ತಿ. ಆದರೆ ಚಟ್ನಿಯ ಕೆಂಪು ಬಣ್ಣವನ್ನು ನೋಡಿ ಮುದುಕರು ಹಿಂದೆ ಸರಿದರು. ನಮ್ಮ ಸಂಕೇಶ್ವರದ ಮೆಣಸಿನಕಾಯಿಯ ಕೀರ್ತಿಯನ್ನು ನಾನು ವರ್ಣಿಸಿದೆನು. ಆ ರಾತ್ರಿ ನಮ್ಮ ಮಾತು ಬೇರೊಂದು ದಾರಿ ಹಿಡಿಯಿತು: ನಮ್ಮ ಮೆಣಸಿನಕಾಯಿ, ಅವರ ಟೊಮೇಟೊ, ಇಬ್ಬರ ಬಟಾಟೆ, ಇಬ್ಬರ ಗೋವಿನಜೋಳ, ಇವೆಲ್ಲ ೧೪೯೨ರಲ್ಲಿ ಕೊಲಂಬಸನು ಅಮೇರಿಕಕ್ಕೆ ಹೋದ ತರುವಾಯ ಆ ಖಂಡದಿಂದ ಬಂದವು. ಅವಿಲ್ಲದೆ ಇಂದು ಅವರ ಅಡಿಗೆಯೂ ಇಲ್ಲ, ನಮ್ಮದೂ ಇಲ್ಲ. ಅತಿಥಿಗಳಾಗಿ ಬಂದವರು ಮನೆಯ ಮಕ್ಕಳಾಗಿಬಿಟ್ಟಿದ್ದಾರೆ.

ಸಹಶಿಕ್ಷಕರ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಹುಟ್ಟಿತು. ವಾಚನಾಲಯದಲ್ಲಿ ಮಕ್ಕಳೊಡನೆ ಇಂಗ್ಲಿಷ್ ಆಡಬೇಕೆಂಬುದು ಕರಾರು, ಅದರಂತೆ ಆಡಿದೆನು. ಆದರೆ ಆ ಇಂಗ್ಲಿಷ್ ಅವರಿಗೂ ಪರರದು, ನನಗೂ ಪರರದು. ಇಬ್ಬರೂ ಬಾಡಿಗೆಯ ಬಂಡಿಯಲ್ಲಿ ಕುಳಿತಂತೆ ಜೋಕೆಯಿಂದ ಕುಳಿತಿರುತ್ತಿದ್ದೆವು. ಒಂದು ದಿನ ಬಟಾಟೆಯ ಚಿತ್ರವನ್ನು ತೋರಿಸಿ, ಇದಕ್ಕೆ ನಿಮ್ಮೂರಿನಲ್ಲಿ ಏನೆನ್ನುತ್ತಾರೆ ಎಂದು ಒಬ್ಬ ಹುಡುಗ ಕೇಳಿದನು. "ಬಟಾಟಿ" ಎಂದೆನು. ತರಗತಿಯೆಲ್ಲ "ಪತಾತಾ!" ಎಂದು ಕೂಗಿತು. ಆಮೇಲೆ ಅದೊಂದು ಆಟವೇ ಆಯಿತು. ಕೀಲಿಕೈಗೆ ನಮ್ಮಲ್ಲಿ ಚಾವಿ, ಅವರಲ್ಲಿ ಕ್ಯಾವೆ. ನಮ್ಮ ಪಾವು ಅವರ ಪಾನೆ. ನಮ್ಮ ಸಾಬೂನು ಅವರ ಸಪೋನೆ. ನಮ್ಮ ಅಲಮಾರಿ ಅವರ ಅರ್ಮಾದಿಯೊ. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರಿಂದ ಬಟಾಟೆ, ಪಾವು, ಚಾವಿ, ಅಲಮಾರಿಗಳು ನಮ್ಮ ಕಡೆಗೆ ಬಂದವು; ಸಾಬೂನು ಬೇರೆ ದಾರಿ ಹಿಡಿದು ಬಂದಿರಬಹುದು. ಪೋರ್ತುಗೀಜ್ ಭಾಷೆಯೂ ಇಟಾಲಿಯನ್ ಭಾಷೆಯೂ ಲ್ಯಾಟಿನ್ ತಾಯಿಯ ಮಕ್ಕಳಾದುದರಿಂದ ಈ ಶಬ್ದಗಳ ಮೂಗು ಬಾಯಿ ಒಂದೇ ತೆರನಾಗಿವೆ.

ಇದರಲ್ಲಿ ನನಗೆ ವಿನೋದಕ್ಕಿಂತ ಹೆಚ್ಚಿನದೊಂದು ಕಂಡಿತು. ಗಡಿಯ ನಮ್ಮ ಮಕ್ಕಳು 'ಬಟಾಟಿ', 'ಚಾವಿ' ಎಂದರೆ, ಬೇರೆ ಕಡೆಯಿಂದ ಬಂದವರು ಇದು ಶುದ್ಧ ಕನ್ನಡವಲ್ಲವೆಂದು ನಗುತ್ತಾರೆ. ಮರಾಠಿಯವರ ಎದುರಿಗೆ ಅದು ಶುದ್ಧ ಮರಾಠಿಯೂ ಅಲ್ಲ. ಹೀಗೆ ಎರಡೂ ಕಡೆಯ ನಗೆಗೆ ಅಂಜಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯನ್ನು ಕಲಿಸುವುದು? ಯಾವ ಶಬ್ದವನ್ನು ನಾವು ಕಲಬೆರಕೆಯೆಂದು ತಿದ್ದುತ್ತೇವೆಯೋ ಅದೇ ಶಬ್ದ ಆ ಹಳ್ಳಿಯ ಇಪ್ಪತ್ತು ಮಕ್ಕಳ ಬಾಯಿಯನ್ನು ಒಂದೇ ಗಳಿಗೆಯಲ್ಲಿ ತೆರೆಯಿಸಿತು. ಆ ಸಂಜೆ ಪ್ರತಿಯೊಂದು ಮಗುವಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆನು. ನಮ್ಮ ಅಕ್ಷರಗಳ ದುಂಡು ಬಳುಕುಗಳನ್ನು ಅವರು ಚಿತ್ರ ತಿದ್ದಿದಂತೆ ತಿದ್ದಿದರು.

ಇಟಾಲಿಯನ್ ಭಾಷೆ ನನಗೆ ಕೆಲವೇ ಕೆಲವು ವಾಕ್ಯಗಳಷ್ಟು ಬಂದಿತು. ಆದರೆ ಎರಡು ಸಂಗತಿಗಳನ್ನು ಶಿಕ್ಷಕ ಬಂಧುಗಳಿಗೆ ಹೇಳಲೇಬೇಕು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'. ಇಟಾಲಿಯನ್ನಿನಲ್ಲಿ ನಮ್ಮಂತೆಯೇ ಎರಡುಂಟು: ಆಪ್ತರಿಗೆ 'ತು', ಗೌರವಕ್ಕೆ 'ಲೇಯಿ'. ಮನೆಯೊಡತಿ ನನಗೆ ಮೊದಲೆರಡು ವಾರ 'ಲೇಯಿ' ಎನ್ನುತ್ತಿದ್ದರು. ಮೂರನೆಯ ವಾರದ ಒಂದು ಮುಂಜಾನೆ, ಇನ್ನಷ್ಟು ಹಾಲು ಬೇಕೇ ಎಂದು ಕೇಳುವಾಗ, 'ತು' ಎಂದರು. ಅವ್ವನನ್ನೂ ದೇವರನ್ನೂ 'ನೀನು' ಎನ್ನುವ ಭಾಷೆಯಲ್ಲಿ ಬೆಳೆದ ನನಗೆ ಆ ಒಂದಕ್ಷರದ ಅರ್ಥ ಆಗಲೇ ಆಯಿತು. ನಾನು ಅತಿಥಿಯ ಮಣೆಯಿಂದ ಇಳಿದು ಮನೆಯವರ ಸಾಲಿನಲ್ಲಿ ಕುಳಿತಿದ್ದೆನು. ಇಂಗ್ಲಿಷ್ ಒಂದೇ ಬಲ್ಲವನಾಗಿದ್ದರೆ ಈ ಸಂತೋಷ ನನ್ನ ಕಿವಿಯ ಪಕ್ಕದಲ್ಲಿಯೇ ಹಾಯ್ದು ಹೋಗುತ್ತಿತ್ತು.

ಎರಡನೆಯದು 'ಸಪೇರೆ' ಎಂಬ ಕ್ರಿಯಾಪದ. ಅದಕ್ಕೆ 'ತಿಳಿ' ಎಂದು ಅರ್ಥ. ಅಡಿಗೆಯ ಮನೆಯಲ್ಲಿ ಇದೇ ಪದಕ್ಕೆ 'ರುಚಿ ಬೀರು' ಎಂಬ ಅರ್ಥವೂ ಉಂಟು. 'ಸಪೋರೆ' ಎಂದರೆ ರುಚಿ. ಲ್ಯಾಟಿನ್ ಮೂಲದಲ್ಲಿ ರುಚಿ ನೋಡುವುದೂ ಅರಿಯುವುದೂ ಒಂದೇ ಪದ. ನಮ್ಮಲ್ಲಿಯೂ ಅಭಿರುಚಿ, ರಸಿಕ, ರಸಾಸ್ವಾದ ಎಂಬ ಮಾತುಗಳು ಅಡಿಗೆಯ ಮನೆಯಿಂದ ಹೊರಟು ಕಾವ್ಯದ ಮಂಟಪಕ್ಕೆ ಬಂದು ಕುಳಿತಿಲ್ಲವೇ? ತರಬೇತಿಯ ಕಾಲೇಜಿನಲ್ಲಿ ಜ್ಞಾನೇಂದ್ರಿಯಗಳ ಮೂಲಕ ಶಿಕ್ಷಣವೆಂಬ ಪಾಠವನ್ನು ನಾವೆಲ್ಲ ಬರೆದು ಪಾಸಾದವರು. ನಾಲಿಗೆ ಎಂಬ ಇಂದ್ರಿಯವೊಂದೇ ಎರಡು ಕೆಲಸ ಮಾಡುತ್ತದೆಂಬುದನ್ನು, ಅಂದರೆ ಉಣ್ಣುವುದನ್ನೂ ನುಡಿಯುವುದನ್ನೂ, ನಾನು ಅಲ್ಲಿ ಮತ್ತೊಮ್ಮೆ ಓದಿಕೊಂಡೆನು.

ಎರಡನೆಯ ಭಾನುವಾರ ಆ ಮನೆಗೆ ಬಂಧುಗಳು ಬಂದರು. ಅವರಲ್ಲೊಬ್ಬ ಮಹಿಳೆ ಉತ್ತರದ ಬೊಲ್ಜಾನೊ ಸೀಮೆಯ ಶಿಕ್ಷಕಿ. ಇಟಲಿಯ ಪ್ರಜೆ, ಆದರೆ ಮನೆಮಾತು ಜರ್ಮನ್, ಕಲಿಸುವುದು ಜರ್ಮನ್ ಮಾಧ್ಯಮದ ಶಾಲೆಯಲ್ಲಿ. ನಾನು ಮಹಾರಾಷ್ಟ್ರದಲ್ಲಿ ಕನ್ನಡ ಕಲಿಸುವವನೆಂದು ತಿಳಿದಾಗ ಆಕೆ ಕುರ್ಚಿಯನ್ನು ನನ್ನ ಕಡೆಗೆ ಸರಿಸಿಕೊಂಡರು. ಅವರ ನಾಡು ಮೊದಲನೆಯ ಮಹಾಯುದ್ಧದ ತರುವಾಯ ಆಸ್ಟ್ರಿಯಾದಿಂದ ಇಟಲಿಗೆ ಸೇರಿತು. ಮುಸೊಲಿನಿಯ ಸರಕಾರ ೧೯೨೩ರಿಂದ ಮೊದಲುಮಾಡಿ ಅಲ್ಲಿಯ ಶಾಲೆಗಳಲ್ಲಿ ಜರ್ಮನ್ ಭಾಷೆಯನ್ನು ನಿಲ್ಲಿಸುತ್ತ ಬಂದಿತು. ಆಗ ಹಳ್ಳಿಹಳ್ಳಿಗಳಲ್ಲಿ ತರುಣಿಯರು ಅಟ್ಟದ ಮೇಲೆ, ಅಡಿಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ಮಕ್ಕಳನ್ನು ಗುಟ್ಟಾಗಿ ಕೂಡಿಸಿ ತಾಯಿನುಡಿಯ ಅಕ್ಷರ ಕಲಿಸಿದರು. ನೆಲದಡಿಯ ಶಾಲೆಗಳೆಂಬ ಅರ್ಥದ ಹೆಸರಿನಿಂದ ಅವು ಇಂದಿಗೂ ಖ್ಯಾತವಾಗಿವೆ. ಆಂಜೆಲಾ ನಿಕೊಲೆಟ್ಟಿ ಎಂಬ ಶಿಕ್ಷಕಿ ಈ ಕಾರಣಕ್ಕಾಗಿ ಸೆರೆಮನೆ ಕಂಡು, ೧೯೩೦ರಲ್ಲಿ, ತನ್ನ ೨೫ನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ಎರಡನೆಯ ಯುದ್ಧ ಮುಗಿದ ಮೇಲೆ ೧೯೪೬ರ ಸಪ್ಟೆಂಬರ ೫ರಂದು ಪ್ಯಾರಿಸಿನಲ್ಲಿ ಆಸ್ಟ್ರಿಯಾ ಮತ್ತು ಇಟಲಿಗಳ ನಡುವೆ ಒಪ್ಪಂದವಾಯಿತು. ತಾಯಿನುಡಿಯ ಶಾಲೆಗಳು ಮತ್ತೆ ಬೆಳಕಿಗೆ ಬಂದವು. ೧೯೭೨ರ ಸ್ವಾಯತ್ತ ಶಾಸನದಿಂದ ಅವು ಇನ್ನೂ ಭದ್ರವಾದವು. ಅಲ್ಲಿಯ ಜರ್ಮನ್ ಶಾಲೆಯ ಮಗು ಇಟಾಲಿಯನ್ನನ್ನೂ ಕಲಿಯುತ್ತದೆ; ಇಟಾಲಿಯನ್ ಶಾಲೆಯ ಮಗು ಜರ್ಮನ್ನನ್ನೂ ಕಲಿಯುತ್ತದೆ.

ನಮ್ಮ ಸಂವಿಧಾನದಲ್ಲಿಯೂ ೧೯೫೬ರಲ್ಲಿ ಸೇರಿಸಿದ ೩೫೦-ಎ ಎಂಬ ಅನುಚ್ಛೇದವಿದೆಯೆಂದು ನಾನು ತಿಳಿಸಿದೆನು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ವಿಧಿಸುತ್ತದೆ. "ಹಾಗಾದರೆ ನಿಮ್ಮ ಶಾಲೆಗೆ ಭಯವಿಲ್ಲ" ಎಂದರು ಆಕೆ. ನಾನು ಆ ತಂದೆಯ ಪ್ರಶ್ನೆಯನ್ನು ಅವರ ಮುಂದಿಟ್ಟೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮಲ್ಲಿಯೂ ತಂದೆತಾಯಿಗಳು ಇದನ್ನೇ ಕೇಳುತ್ತಾರೆ. ಕಾನೂನು ಶಾಲೆಯ ಬಾಗಿಲನ್ನು ತೆರೆದಿಡಬಲ್ಲದು. ಮಗುವನ್ನು ಒಳಗೆ ಕರೆಯುವ ಕೆಲಸ ನಮ್ಮದು." ಅಷ್ಟರಲ್ಲಿ ಅವರು ತಂದಿದ್ದ ಹಳೆಯ ರೊಟ್ಟಿಯ ಉಂಡೆಗಳ ಸಾರು ಮೇಜಿಗೆ ಬಂದಿತು. ಜರ್ಮನರು 'ಕ್ನೋಡೆಲ್' ಎನ್ನುವ ಅದನ್ನು ಇಟಾಲಿಯನ್ನರು 'ಕನೇದೆರ್ಲಿ' ಎನ್ನುತ್ತಾರೆ. ಎರಡು ಹೆಸರು, ಒಂದೇ ಬೋಗುಣಿ.

ಮೂರನೆಯ ಪ್ರಶ್ನೆ ನೋಡಿದ್ದರ ಬಗೆಗೆ. ಜಗತ್ತು ಕೊಂಡಾಡುವ ಫ್ಲಾರೆನ್ಸಿನ ಗುಮ್ಮಟವನ್ನೂ ಚಿತ್ರಶಾಲೆಯನ್ನೂ ನೋಡಿದೆನು. ಅವುಗಳ ವರ್ಣನೆ ಪುಸ್ತಕಗಳಲ್ಲಿ ದೊರೆಯುತ್ತದೆ. ಎರಡೇ ಸ್ಥಳಗಳ ಸಂಗತಿಯನ್ನು ಹೇಳುವೆನು.

ಒಂದು ಬಾರ್ಬಿಯಾನಾ. ಮುಜೆಲ್ಲೊ ಸೀಮೆಯ ವಿಕ್ಕಿಯೊ ಊರಿಗೆ ಸೇರಿದ ಬೆಟ್ಟದ ಮೇಲಿನ ಕೊಂಪೆಯದು. ೧೯೫೪ರ ಕೊನೆಯಲ್ಲಿ ದೊನ್ ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು ಅಲ್ಲಿಗೆ ಕಳಿಸಿದರು. ಸುತ್ತಲಿನ ರೈತರ ಮಕ್ಕಳು ಶಾಲೆಗಳಲ್ಲಿ ನಪಾಸಾಗಿ ಮನೆಯಲ್ಲಿ ಕುಳಿತಿದ್ದರು. ಅವರನ್ನು ಕೂಡಿಸಿ ಆತ ಚರ್ಚಿನ ಪಕ್ಕದ ಮನೆಯಲ್ಲಿ ಶಾಲೆ ತೆರೆದನು. ರಜೆಯಿಲ್ಲದ ಶಾಲೆ, ಬೆಳಗಿನಿಂದ ಸಂಜೆಯವರೆಗೆ ಪಾಠ. ಕಲಿತ ಹುಡುಗ ಕಲಿಯದವನಿಗೆ ಹೇಳಿಕೊಡಬೇಕು. ವೃತ್ತಪತ್ರಿಕೆಯನ್ನು ಎಲ್ಲರೂ ಕೂಡಿ ಓದಿ ಒಂದೊಂದು ಶಬ್ದವನ್ನೂ ಬಿಡಿಸಬೇಕು. ಬಡವನನ್ನು ಬಡವನಾಗಿ ಇಡುವುದು ಶಬ್ದಗಳ ಕೊರತೆಯೆಂದೂ, ಮಾತು ಬಲ್ಲವರೇ ಸಮಾನರಾಗಬಲ್ಲರೆಂದೂ ಆತನ ನಂಬಿಗೆ. ೧೯೬೭ರಲ್ಲಿ ಅಲ್ಲಿಯ ಎಂಟು ಹುಡುಗರು ಕೂಡಿ, ಮಕ್ಕಳನ್ನು ನಪಾಸು ಮಾಡುವ ಶಿಕ್ಷಕಿಯೊಬ್ಬಳಿಗೆ ಬರೆದ ಪತ್ರದ ರೂಪದಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದೇ ವರ್ಷದ ಜೂನ್ ೨೬ರಂದು ಮಿಲಾನಿ ತೀರಿಕೊಂಡನು. ಬೆಟ್ಟವನ್ನು ನಡೆದೇ ಹತ್ತಿ ಆ ಕೋಣೆಯನ್ನು ನೋಡಿದೆನು. ಹುಡುಗರು ತಾವೇ ಮಾಡಿದ ನಕಾಶೆಗಳು, ಬೆಂಚುಗಳು ಇವೆ. ಕಾಳಜಿಯುಂಟು ಎಂಬರ್ಥದ ಎರಡು ಇಂಗ್ಲಿಷ್ ಶಬ್ದಗಳನ್ನು ಗೋಡೆಗೆ ಹಚ್ಚಿದ್ದಾರೆ. ನಮ್ಮ ಅನೇಕ ಶಾಲೆಗಳು ಅದಕ್ಕಿಂತ ದೊಡ್ಡವು. ೧೮೬೧ರಲ್ಲಿ ಇಟಲಿ ಒಂದು ರಾಜ್ಯವಾದಾಗ ನೂರಕ್ಕೆ ಎರಡೂವರೆ ಜನ ಮಾತ್ರ ಇಂದಿನ ಇಟಾಲಿಯನ್ ಭಾಷೆ ಬಲ್ಲವರಾಗಿದ್ದರೆಂದು ತುಲ್ಲಿಯೊ ದೆ ಮೌರೊ ಎಂಬ ಭಾಷಾಶಾಸ್ತ್ರಜ್ಞರ ಎಣಿಕೆ. ಉಳಿದವರು ತಮ್ಮ ತಮ್ಮ ಸೀಮೆಯ ನುಡಿಯವರು. ಅವರನ್ನು ಕಲಿಕೆಯ ಪಂಕ್ತಿಗೆ ಕರೆತರುವಲ್ಲಿ ಇಂಥ ಚಿಕ್ಕ ಕೋಣೆಗಳಿಗೂ ಪಾಲುಂಟು.

ಇನ್ನೊಂದು ಸ್ಥಳ ನಮ್ಮವರಿಗೇ ಸಂಬಂಧಿಸಿದುದು. ಫ್ಲಾರೆನ್ಸಿನ ಪಶ್ಚಿಮಕ್ಕೆ ಆರ್ನೊ ನದಿಯ ದಂಡೆಯ ಮೇಲೆ ಕಾಷಿನೆ ಎಂಬ ವಿಶಾಲವಾದ ಉಪವನವಿದೆ. ಅದರ ತುದಿಯಲ್ಲಿ, ಮುನ್ಯೋನೆ ಎಂಬ ಹೊಳೆ ಆರ್ನೊ ನದಿಯನ್ನು ಕೂಡುವಲ್ಲಿ, ಭಾರತದ ರೀತಿಯ ಛತ್ರಿಯೊಂದರ ಕೆಳಗೆ ತರುಣನೊಬ್ಬನ ಎದೆಮಟ್ಟದ ಮೂರ್ತಿಯಿದೆ. ಆತ ಕೊಲ್ಲಾಪುರದ ರಾಜಾರಾಮ ಮಹಾರಾಜರು. ನಮ್ಮ ಗಡಹಿಂಗ್ಲಜ ಸೀಮೆಯೂ ಆಗ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಸಮುದ್ರ ದಾಟುವುದು ದೋಷವೆಂದು ಜನ ನಂಬಿದ್ದ ಕಾಲದಲ್ಲಿ, ೧೮೭೦ರಲ್ಲಿ, ಈ ತರುಣ ಅರಸರು ಇಂಗ್ಲಂಡಿಗೆ ಹೋದರು. ಕಂಡುದನ್ನೆಲ್ಲ ಇಂಗ್ಲಿಷಿನಲ್ಲಿ ದಿನಚರಿಯಾಗಿ ಬರೆದಿಟ್ಟರು. ತಿರುಗಿ ಬರುವ ದಾರಿಯಲ್ಲಿ ಬೇನೆ ಬಿದ್ದು ನವೆಂಬರ ೩೦ರಂದು ಫ್ಲಾರೆನ್ಸಿನಲ್ಲಿ ಕೊನೆಯುಸಿರೆಳೆದರು. ವಯಸ್ಸು ಇಪ್ಪತ್ತು. ಆಗ ಫ್ಲಾರೆನ್ಸ್ ಇಟಲಿಯ ರಾಜಧಾನಿ. ಹೆಣವನ್ನು ಸುಡುವುದು ಆ ನಗರಕ್ಕೆ ಅಪರಿಚಿತವಾದ ಪದ್ಧತಿ. ಆದರೂ ಅಧಿಕಾರಿಗಳು ಅನುಮತಿಯಿತ್ತು, ಎರಡು ನೀರು ಕೂಡುವ ಆ ಸ್ಥಳದಲ್ಲಿ ಹಿಂದೂ ವಿಧಿಯಂತೆ ದಹನಕ್ಕೆ ಅನುವು ಮಾಡಿಕೊಟ್ಟರು. ದಿನಚರಿ ೧೮೭೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೂರ್ತಿ ೧೮೭೪ರಲ್ಲಿ ನಿಂತಿತು. ಹತ್ತಿರದಲ್ಲಿ ೧೯೭೦ರ ದಶಕದಲ್ಲಿ ಕಟ್ಟಿದ ಸೇತುವೆಗೂ 'ಇಂದಿಯಾನೊ', ಎಂದರೆ ಭಾರತೀಯ, ಎಂಬುದೇ ಹೆಸರು.

ಕೃಷ್ಣಾ ಪಂಚಗಂಗೆಗಳ ಸಂಗಮವಾದ ನರಸೋಬಾವಾಡಿಯನ್ನು ಬಲ್ಲ ನನಗೆ ಆ ಸಂಗಮದ ದಂಡೆಯ ಮೇಲೆ ಮನಸ್ಸು ಬಹಳ ಕಲಕಿತು. ಜೊತೆಗೆ ಬಂದಿದ್ದ ಮಾಯೆಸ್ತ್ರಾ ಚೀಲದಿಂದ ರೊಟ್ಟಿ ತೆಗೆದು ಮುರಿದು ಅರ್ಧ ನನಗೆ ಕೊಟ್ಟು, "ನಮ್ಮ ಭಾಷೆಯಲ್ಲಿ ಗೆಳೆಯನಿಗೆ 'ಕೊಂಪಾಞೊ' ಎನ್ನುತ್ತೇವೆ. ರೊಟ್ಟಿಯನ್ನು ಹಂಚಿಕೊಂಡು ತಿನ್ನುವವನೆಂದು ಅದರ ಮೂಲಾರ್ಥ" ಎಂದರು. ನಮ್ಮ ನಾಡಿನ ಇಪ್ಪತ್ತು ವರ್ಷದ ಹುಡುಗನಿಗೆ ಆ ಊರು ಕಡೆಗೆ ಒಂದು ಸಂಗಮವನ್ನೂ ಅವನದೇ ವಿಧಿಯನ್ನೂ ಕೊಟ್ಟಿತು. ಅತಿಥಿಗೆ ತನ್ನದನ್ನು ಬಡಿಸುವುದು ಆತಿಥ್ಯದ ಅರ್ಧ ಭಾಗ. ಅವನದನ್ನು ಅವನಿಗೆ ಉಳಿಸಿಕೊಡುವುದು ಇನ್ನರ್ಧ.

ಶಿಕ್ಷಕ ಬಂಧುಗಳೇ, ಶಾಲೆಯ ಬಾಗಿಲಿಗೆ ಮೊದಲ ದಿನ ಬರುವ ಮಗುವೂ ಅತಿಥಿಯೇ. ಅದರ ಕಂಕುಳಲ್ಲಿ ಮನೆಯ ಮಾತಿನ ಬುತ್ತಿಯಿರುತ್ತದೆ. ಅದನ್ನು ಹೊರಗಿಟ್ಟು ಒಳಗೆ ಬಾ ಎಂದರೆ ಮಗು ಹಸಿದು ಕುಳಿತುಕೊಳ್ಳುತ್ತದೆ. ಬುತ್ತಿಯನ್ನು ಬಿಚ್ಚಿಸಿ ಪಂಕ್ತಿಯಲ್ಲಿ ಕುಳ್ಳಿರಿಸಿದರೆ, ಮರಾಠಿಯನ್ನೂ ಉಣ್ಣುತ್ತದೆ, ಇಂಗ್ಲಿಷನ್ನೂ ಉಣ್ಣುತ್ತದೆ. ಇಂಗ್ಲಿಷ್ ಇಲ್ಲದೆ ನಾನು ಆ ದೇಶಕ್ಕೆ ಹೋಗುತ್ತಿರಲಿಲ್ಲ; ಇದನ್ನು ಮರೆಮಾಚಲಾರೆ. ಆದರೆ ಹೋದ ಮೇಲೆ ಆ ಮನೆಯವರು ನನ್ನಿಂದ ಕೇಳಿದ್ದೆಲ್ಲ ನನ್ನ ಅವ್ವನ ಅಡಿಗೆಮನೆಯಿಂದಲೂ ನನ್ನ ಕನ್ನಡ ಶಾಲೆಯಿಂದಲೂ ಬಂದುದೇ ಆಗಿತ್ತು.

ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ನಾನೂ ಮಕ್ಕಳ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ. ದಿನಕ್ಕೊಬ್ಬರು ತಮ್ಮ ಮನೆಯ ಒಂದು ಅಡಿಗೆಯ ಹೆಸರನ್ನು ಹೇಳಿ, ಅದನ್ನು ಮಾಡುವ ಬಗೆಯನ್ನು ಮನೆಯ ಮಾತಿನಲ್ಲಿಯೇ ವರ್ಣಿಸಬೇಕು. ಹೊಸ ಶಬ್ದವನ್ನು ಹಲಗೆಯ ಮೇಲೆ ಬರೆಯಬೇಕು. ಈಗ ಹಲಗೆಯ ಒಂದು ಬದಿ ತುಂಬಿದೆ. ಆ ತಂದೆಗೆ ನಾನು ಕಂಡುದನ್ನೆಲ್ಲ ಹೇಳಿದೆನು. ಅವರು ಗಮನವಿಟ್ಟು ಕೇಳಿದರು. ಪೂರ್ತಿ ಒಪ್ಪಿದರೆಂದು ಹೇಳಲಾರೆ. ಮಗನನ್ನು ಬೇರೆ ಶಾಲೆಗೆ ಹಾಕುವ ವಿಚಾರವನ್ನು ಮುಂದಿನ ಜೂನ್ ತನಕ ತಡೆದಿರುವೆನೆಂದರು. ಆ ಹುಡುಗ ಮೊನ್ನೆ ತನ್ನ ಸರದಿ ಬಂದಾಗ ಎದ್ದು ನಿಂತು ಬಟಾಟೆಯ ಪಲ್ಯೆಯ ವಿಷಯ ಹೇಳಿದನು. ಒಗ್ಗರಣೆಯಿಂದ ಕೊತ್ತಂಬರಿಯವರೆಗೆ ಎಲ್ಲಿಯೂ ತಡವರಿಸಲಿಲ್ಲ. ಕುಳಿತುಕೊಳ್ಳುವ ಮೊದಲು ಕೇಳಿದನು: "ಗುರುಗಳ, ಬಟಾಟಿ ಅಂದರ ಅವರಿಗೂ ತಿಳೀತದೇನ್ರಿ?"

"ತಿಳಿಯುತ್ತದಪ್ಪ. ಹಲಗೆಯ ಮೇಲೆ ಬರೆ" ಎಂದೆನು.